ವಿಜ್ಞಾನ ವಿದ್ಯಾರ್ಥಿಸಂಘಗಳೂ ಕೋಲಾರ ಸೀಮೆಯ ಸಂಚಾರಗಳೂ

ವಿಶ್ವವಿದ್ಯಾನಿಲಯಗಳ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಕಾಯಿದೆಗಳನ್ನೂ ಸೆನೆಟ್ಟಿನ ನಡವಳಿಗಳನ್ನೂ ಘಟಿಕೋತ್ಸವದ ಭಾಷಣಗಳನ್ನೂ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಇವುಗಳಿಂದ ಯಾವ ಕಟ್ಟಡ ಯಾವಾಗ ಎದ್ದಿತು, ಯಾವ ಪೀಠಕ್ಕೆ ಯಾರು ಬಂದರು, ಯಾವ ವಿಷಯ ಯಾವ ವರ್ಷ ಪಠ್ಯಕ್ರಮದೊಳಕ್ಕೆ ಸೇರಿತು ಎಂಬುದೆಲ್ಲ ತಿಳಿಯುತ್ತದೆ. ಆದರೆ ವಿದ್ಯಾರ್ಥಿಯು ಗಂಟೆ ಬಾರಿಸಿದ ಮೇಲೆ ಏನು ಮಾಡಿದನು, ತನ್ನ ಶಾಸ್ತ್ರವನ್ನು ಹೊತ್ತುಕೊಂಡು ಕಾಲೇಜಿನ ಗೋಡೆಯಾಚೆಗೆ ಎಲ್ಲಿಗೆ ಹೋದನು, ಅಲ್ಲಿ ಏನನ್ನು ಕಂಡನು, ಏನನ್ನು ಕಾಣದೆ ಹಿಂದಿರುಗಿದನು ಎಂಬುದು ಇವುಗಳಲ್ಲಿ ದೊರೆಯುವುದಿಲ್ಲ. ವಿಜ್ಞಾನ ಸಂಘಗಳ ಚಟುವಟಿಕೆಗಳನ್ನೂ ಅವುಗಳ ಸಂಚಾರಗಳನ್ನೂ ಕುರಿತು ಇಲ್ಲಿ ಕೆಲವು ಮಾತುಗಳನ್ನು ಬರೆಯಲು ನಾವು ತೊಡಗಿರುವುದು ಈ ಕೊರತೆಯನ್ನು ನೆನೆದು. ಕ್ಷೇತ್ರವಾಗಿ ಕೋಲಾರ ಸೀಮೆಯನ್ನು, ಅದರಲ್ಲಿಯೂ ಮಾಲೂರಿನಿಂದ ಚಿನ್ನದ ಗಣಿಗಳವರೆಗೆ ರೈಲುದಾರಿಯ ಇಕ್ಕೆಲದ ಪ್ರದೇಶವನ್ನು ಆರಿಸಿಕೊಂಡಿದ್ದೇವೆ. ಇಷ್ಟು ಸಣ್ಣ ಪ್ರದೇಶದಲ್ಲಿ ವಿಜ್ಞಾನದ ವಿದ್ಯಾರ್ಥಿಗೆ ಇಷ್ಟೊಂದು ಸಾಮಗ್ರಿ ದೊರೆಯುವ ಸ್ಥಳಗಳು ನಮ್ಮ ನಾಡಿನಲ್ಲಿ ವಿರಳ.

ಆಧಾರಗಳ ವಿಷಯವಾಗಿ ಮೊದಲೇ ಒಂದು ಮಾತು. ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ವಿಜ್ಞಾನ ಸಂಘದ ಹಳೆಯ ನಡವಳಿ ಪುಸ್ತಕವನ್ನು ನೋಡುವ ಅವಕಾಶ ನಮಗೆ ಒದಗಿತು. ಹೂವಿನ ಹಾರಕ್ಕೆ ಎಷ್ಟಾಯಿತು, ಬಸ್ಸಿನ ಬಾಡಿಗೆ ಎಷ್ಟು, ಬಾಳೆಯಹಣ್ಣಿಗೂ ಬಿಸ್ಕತ್ತಿಗೂ ಎಷ್ಟು, ಎಲ್ಲವೂ ಕಾಸು ಬಿಡದೆ ದಾಖಲಾಗಿತ್ತು. ಉಪನ್ಯಾಸದ ವಿಷಯವನ್ನು ಹಲವು ಕಡೆ ಬರೆದಿರಲೇ ಇಲ್ಲ. ಸಂಚಾರದ ವಿಚಾರದಲ್ಲಿ ‘ವಿದ್ಯಾರ್ಥಿಗಳು ಬಹಳ ಪ್ರಯೋಜನ ಪಡೆದರು’ ಎಂಬ ಒಂದೇ ವಾಕ್ಯ ವರ್ಷ ವರ್ಷವೂ ಅಕ್ಷರ ಬದಲಾಗದೆ ಬಂದಿತ್ತು. ಲೆಕ್ಕ ತಪಾಸಣೆ ಮಾಡುವವರಿಗೆ ಇಷ್ಟು ಸಾಕು; ಚರಿತ್ರಕಾರನಿಗೆ ಸಾಲದು. ಆದುದರಿಂದ ಮುಂದೆ ನಾವು ಹೇಳುವುದರಲ್ಲಿ ಬಹುಪಾಲು, ಸಂಘಗಳ ಕಡತಗಳಿಂದಲ್ಲ, ಅವು ಸಂಚರಿಸಿದ ನೆಲದ ಚರಿತ್ರೆಯಿಂದಲೂ ಸಾರ್ವಜನಿಕವಾಗಿ ತಿಳಿದಿರುವ ಸಂಗತಿಗಳಿಂದಲೂ ಕೂಡಿಸಿಕೊಂಡದ್ದು.

ಗುರುವು ಶಿಷ್ಯರನ್ನು ಕರೆದುಕೊಂಡು ಶಾಸ್ತ್ರಾಭ್ಯಾಸಕ್ಕಾಗಿ ಹೊರಡುವ ಪದ್ಧತಿ ಹೊಸದಲ್ಲ. ಹದಿನೆಂಟನೆಯ ಶತಮಾನದಲ್ಲಿ ಸ್ವೀಡನ್ನಿನ ಉಪ್ಸಾಲಾ ವಿಶ್ವವಿದ್ಯಾನಿಲಯದ ಸಸ್ಯಶಾಸ್ತ್ರಜ್ಞ ಲಿನ್ನೇಯಸನು ಊರಿನ ಸುತ್ತಲೂ 8 ಮಾರ್ಗಗಳನ್ನು ಗೊತ್ತುಮಾಡಿ, ಬೇಸಗೆಯಲ್ಲಿ ವಿದ್ಯಾರ್ಥಿಗಳ ದಂಡನ್ನೇ ಗಿಡಮೂಲಿಕೆಗಳ ಶೋಧನೆಗೆ ಕರೆದೊಯ್ಯುತ್ತಿದ್ದನು. ಸಂಜೆ ಹಿಂದಿರುಗುವಾಗ ಕೊಂಬು ಕಹಳೆ ನಗಾರಿಗಳ ಮೇಳವಿರುತ್ತಿತ್ತಂತೆ. ಈ ಗದ್ದಲವು ವಿದ್ಯಾಪೀಠದ ಗಾಂಭೀರ್ಯಕ್ಕೆ ಕುಂದೆಂದು 1748ರಲ್ಲಿ ವಿಶ್ವವಿದ್ಯಾನಿಲಯದ ಅಧಿಕಾರಿಗಳು ಆಕ್ಷೇಪಿಸಿದರು. ಬಸ್ಸಿನಲ್ಲಿ ಹಾಡುತ್ತ ಬರುವ ನಮ್ಮ ವಿದ್ಯಾರ್ಥಿಗಳನ್ನು ಗದರಿಸುವ ಅಧ್ಯಾಪಕರು ಈ ಪೂರ್ವನಿದರ್ಶನವನ್ನು ನೆನೆಯಬಹುದು. ಆದರೆ ಲಿನ್ನೇಯಸನ ಸಂಚಾರಗಳ ಮಾರ್ಗವೇನು, ದೊರೆತ ಸಸ್ಯಗಳಾವುವು ಎಂಬುದು 1753ರಲ್ಲಿ ಪ್ರಬಂಧರೂಪದಲ್ಲಿ ಪ್ರಕಟವಾಯಿತು. ಆದುದರಿಂದಲೇ ಆ ಹಾದಿಗಳನ್ನು ಇಂದಿಗೂ ಗುರುತಿಸಿ ನಡೆಯುವುದು ಸಾಧ್ಯವಾಗಿದೆ.

ನಮ್ಮಲ್ಲಿ ವಿಜ್ಞಾನ ಸಂಘಗಳ ಮೊದಲ ಕಾರ್ಯವು ಸಂಚಾರವಾಗಿರಲಿಲ್ಲ; ಅದು ಭಾಷಣ ಮತ್ತು ಬರವಣಿಗೆ. ಮೈಸೂರು ವಿಶ್ವವಿದ್ಯಾನಿಲಯವು 1916ರಲ್ಲಿ ಸ್ಥಾಪನೆಯಾದಾಗ ವಿಜ್ಞಾನ ಬೋಧನೆಯ ಕೇಂದ್ರವಾಗಿದ್ದುದು ಬೆಂಗಳೂರಿನ ಸೆಂಟ್ರಲ್ ಕಾಲೇಜು. ವಿಶ್ವವಿದ್ಯಾನಿಲಯದ ಸ್ಥಾಪನೆಗೆ ಕಾರಣರಾದ ದಿವಾನ್ ಎಂ. ವಿಶ್ವೇಶ್ವರಯ್ಯನವರು ಸ್ವತಃ ಆ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಪದವಿ ಪಡೆದವರು, ಹುಟ್ಟಿದ್ದು ಅಂದಿನ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯಲ್ಲಿ. ಅದೇ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೊಡಗೂಡಿ 1918ರಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ಹೊರಡಿಸಿದರು. ಕರ್ಣಾಟಕ ವಿಜ್ಞಾನ ಪ್ರಚಾರಿಣೀ ಸಮಿತಿಯ ಪರವಾಗಿ ಬಂದ ಈ ಪತ್ರಿಕೆ ಎರಡು ವರ್ಷ ಮಾತ್ರ ಬದುಕಿತು. ಅದೇ ಹೊತ್ತಿಗೆ ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ ಕಾಲೇಜಿನ ಕರ್ಣಾಟಕ ಸಂಘವೂ 1919ರಲ್ಲಿ ಅದರ ‘ಪ್ರಬುದ್ಧ ಕರ್ಣಾಟಕ’ವೂ ಹುಟ್ಟಿದವು. ವಿಜ್ಞಾನದ ಕಾಲೇಜೊಂದರಿಂದ ಕನ್ನಡ ಸಾಹಿತ್ಯದ ಪತ್ರಿಕೆಯು ಹೊರಟು ದೀರ್ಘಾಯುವಾದುದೂ, ಅಲ್ಲಿಯ ಅಧ್ಯಾಪಕರೇ ನಡೆಸಿದ ವಿಜ್ಞಾನದ ಪತ್ರಿಕೆಯು ಅಲ್ಪಾಯುವಾದುದೂ ಗಮನಿಸಬೇಕಾದ ಸಂಗತಿ. ಇಂಗ್ಲಿಷಿನಲ್ಲಿ ಕಲಿತ ಶಾಸ್ತ್ರವನ್ನು ಕನ್ನಡದಲ್ಲಿ ಹೇಳಬೇಕೆಂಬ ಹಂಬಲ ಆ ತಲೆಮಾರಿನ ಅಧ್ಯಾಪಕರಲ್ಲಿ ಬಲವಾಗಿತ್ತು. ಹಾಗೆ ಹೇಳಿದ್ದನ್ನು ಚಂದಾ ಕೊಟ್ಟು ಓದುವವರು ಇನ್ನೂ ಸಿದ್ಧರಾಗಿರಲಿಲ್ಲವೆಂದು ತೋರುತ್ತದೆ.

ಸಂಘಗಳ ವೇದಿಕೆಯನ್ನು ಕೇವಲ ಕಾಲಕ್ಷೇಪವೆಂದು ಎಣಿಸುವವರಿಗೆ 1928ರ ಒಂದು ಪ್ರಸಂಗವನ್ನು ಜ್ಞಾಪಿಸಬೇಕು. ಆ ವರ್ಷ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ತಾವು ಕಂಡ ಬೆಳಕಿನ ಹೊಸ ಚದರಿಕೆಯನ್ನು ಸಿ.ವಿ. ರಾಮನ್ನರು ಸವಿಸ್ತಾರವಾಗಿ ವಿದ್ವಾಂಸರ ಮುಂದಿಟ್ಟದ್ದು ಮಾರ್ಚ್ 16ರಂದು, ಬೆಂಗಳೂರಿನಲ್ಲಿ, ದಕ್ಷಿಣ ಭಾರತ ವಿಜ್ಞಾನ ಸಂಘದ ಪ್ರಾರಂಭೋತ್ಸವದ ಭಾಷಣದಲ್ಲಿ. ಭೌತಶಾಸ್ತ್ರದಲ್ಲಿ ನೊಬೆಲ್ ಬಹುಮಾನಕ್ಕೆ ಪಾತ್ರವಾದ ಶೋಧನೆಯ ಮೊದಲ ವಿವರಣೆಯನ್ನು ಕೇಳಿದವರು ಇಂಥ ಒಂದು ಸಂಘದ ಸಭಿಕರು.

ಈ ಪರಂಪರೆಯನ್ನು ಮುಂದುವರಿಸಿದವರಲ್ಲಿ ಡಾ. ಎಚ್. ನರಸಿಂಹಯ್ಯನವರ ಹೆಸರು ಮುಖ್ಯವಾದುದು. ಇವರೂ ಹಳೆಯ ಕೋಲಾರ ಜಿಲ್ಲೆಯವರೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಜನಿಸಿದರು. (ಗೌರಿಬಿದನೂರೂ ಮುದ್ದೇನಹಳ್ಳಿಯೂ 2007ರಲ್ಲಿ ಹೊಸದಾಗಿ ರಚನೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದವು.) ಪ್ರೌಢಶಾಲೆಯ ಓದಿಗಾಗಿ 1935ರಲ್ಲಿ ಹೊಸೂರಿನಿಂದ ಬೆಂಗಳೂರಿಗೆ ಸುಮಾರು 85 ಕಿಲೋಮೀಟರು ದೂರವನ್ನು ಎರಡು ದಿನ ನಡೆದುಕೊಂಡೇ ಬಂದ ಬಾಲಕನು, ಮುಂದೆ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿತು, ನ್ಯಾಷನಲ್ ಕಾಲೇಜಿನಲ್ಲಿ ಅಧ್ಯಾಪಕನಾಗಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಮ್ಮನ್ನು ಸ್ಥಾಪಿಸಿದನು. ಟಿಕೆಟ್ಟಿಲ್ಲದೆ, ಪದವಿಯ ಪ್ರಶ್ನೆಯಿಲ್ಲದೆ, ಯಾರು ಬೇಕಾದರೂ ಬಂದು ಕೇಳಬಹುದಾದ ವಾರದ ಉಪನ್ಯಾಸಗಳನ್ನು ದಶಕಗಳ ಕಾಲ ಎಡೆಬಿಡದೆ ನಡೆಸಿದ ಸಂಸ್ಥೆ ಇದು. ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಅವರು ಒಂದು ಸಮಿತಿಯನ್ನು ರಚಿಸಿದುದೂ ಅದರಿಂದ ಎದ್ದ ವಿವಾದವೂ ಎಲ್ಲರಿಗೂ ತಿಳಿದದ್ದೇ. ಪ್ರಶ್ನೆ ಕೇಳುವುದು ವಿದ್ಯಾರ್ಥಿಯ ಹಕ್ಕು ಮಾತ್ರವಲ್ಲ, ಕರ್ತವ್ಯವೂ ಹೌದೆಂಬ ಧೋರಣೆ ಅವರದು.

ಉಪನ್ಯಾಸದಲ್ಲಿ ವಿದ್ಯಾರ್ಥಿಯು ಕೇಳುವವನು, ಸಂಚಾರದಲ್ಲಿ ನೋಡುವವನು. ಹಾಗೆ ನೋಡುವ ಅಭ್ಯಾಸವು ನಮ್ಮ ಕಾಲೇಜುಗಳಿಗೆ ಬಹುಮಟ್ಟಿಗೆ ಭೂವಿಜ್ಞಾನದ ಮೂಲಕ ಬಂದಿತೆಂದು ನಮ್ಮ ಭಾವನೆ. ರಸಾಯನಶಾಸ್ತ್ರವನ್ನು ಕೊಠಡಿಯಲ್ಲಿ ಕಲಿಯಬಹುದು. ಶಿಲೆಯ ಪದರವನ್ನು ಕೊಠಡಿಯಲ್ಲಿ ಕಾಣಲಾಗದು. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆಯು 1894ರಲ್ಲಿ ರಾಬರ್ಟ್ ಬ್ರೂಸ್ ಫೂಟನ ನೇತೃತ್ವದಲ್ಲಿ ಆರಂಭವಾಯಿತು. ನಮ್ಮಂಥ ಚರಿತ್ರೆಯ ವಿದ್ಯಾರ್ಥಿಗಳಿಗೆ ಫೂಟನು ಪರಿಚಿತನಾಗಿರುವುದು ಬೇರೊಂದು ಕಾರಣದಿಂದ: 1863ರಲ್ಲಿ ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕಲ್ಲಿನ ಆಯುಧವನ್ನು ಗುರುತಿಸಿ, ಭಾರತದ ಪ್ರಾಗಿತಿಹಾಸಕ್ಕೆ ತಳಹದಿ ಹಾಕಿದವನು ಅವನೇ. ಬಂಡೆಗಳನ್ನು ನೋಡಲು ಹೋದವನಿಗೆ ಮನುಷ್ಯನ ಕೈಗೆಲಸ ಕಂಡಿತು. ಸಂಚಾರದ ನಿಜವಾದ ಲಾಭ ಇಂಥದು. ಹುಡುಕದೆ ಇದ್ದದ್ದು ಅಲ್ಲಿ ದೊರೆಯುತ್ತದೆ.

ಇನ್ನು ನಮ್ಮ ದಾರಿಗೆ ಬರೋಣ. ಬೆಂಗಳೂರು ದಂಡಿನಿಂದ ಜೋಲಾರ್‌ಪೇಟೆಗೆ ರೈಲುದಾರಿ ತೆರೆದದ್ದು 1864ರಲ್ಲಿ. ಆ ದಾರಿಯಲ್ಲಿ ಮಾಲೂರು, ಟೇಕಲ್ಲು, ಬಂಗಾರಪೇಟೆಗಳು ಅನುಕ್ರಮವಾಗಿ ಬರುತ್ತವೆ. ಬಂಗಾರಪೇಟೆಯಿಂದ ಒಂದು ಕವಲು ಚಿನ್ನದ ಗಣಿಗಳನ್ನು ಹಾದು ಮಾರಿಕುಪ್ಪಂ ಮುಟ್ಟುತ್ತದೆ. ಬೆಳಗ್ಗೆ ಹೊರಟು ಸಂಜೆಗೆ ಹಿಂದಿರುಗಬಹುದಾದ ಈ ದಾರಿಯಲ್ಲಿ ಮೊದಲು ಮಣ್ಣು, ಆಮೇಲೆ ಕಣಶಿಲೆ, ಕೊನೆಗೆ ಚಿನ್ನವನ್ನೊಳಗೊಂಡ ಪದರಶಿಲೆ, ಹೀಗೆ ಪಾಠವು ತಾನಾಗಿಯೇ ಕ್ರಮವಾಗಿ ತೆರೆದುಕೊಳ್ಳುತ್ತದೆ.

ಮಾಲೂರಿನ ಹೆಸರು ಹೆಂಚಿಗೂ ಇಟ್ಟಿಗೆಗೂ ಅಂಟಿಕೊಂಡದ್ದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನಲ್ಲಿ ತೊಡಗಿದ ಯಂತ್ರದ ಹೆಂಚಿನ ಕೈಗಾರಿಕೆಯು ಘಟ್ಟ ಹತ್ತಿ ಬಂದು ಒಳನಾಡಿನಲ್ಲಿ ನೆಲೆಯೂರಿದ ಊರುಗಳಲ್ಲಿ ಇದೂ ಒಂದು. ಕೆರೆಯಂಗಳದ ಜೇಡಿಮಣ್ಣು, ಸೌದೆ, ರೈಲು ಮೂರೂ ಹತ್ತಿರದಲ್ಲಿದ್ದುದು ಅದಕ್ಕೆ ಅನುಕೂಲವಾಯಿತು. ಬೂದುಬಣ್ಣದ ಮಣ್ಣು ಗೂಡಿನಿಂದ ಕೆಂಪಾಗಿ ಏಕೆ ಹೊರಬರುತ್ತದೆಂಬ ಪ್ರಶ್ನೆಯೊಂದರಿಂದಲೇ ಕಬ್ಬಿಣದ ಆಕ್ಸೈಡುಗಳ ಪಾಠವನ್ನೆಲ್ಲ ಹೇಳಿಕೊಡಬಹುದು. ಕಾಂಕ್ರೀಟಿನ ತಾರಸಿ ಬಂದ ಮೇಲೆ ಹೆಂಚಿಗೆ ಬೇಡಿಕೆ ಕುಸಿಯಿತು. ಮಣ್ಣು ತೆಗೆದ ಗುಂಡಿಗಳು ಮಾತ್ರ ಉಳಿದಿವೆ.

ಟೇಕಲ್ಲಿನಲ್ಲಿ ನಾವು ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಇಲ್ಲಿಯ ಗುಡ್ಡಗಳು ರೈಲಿನ ಕಿಟಕಿಯಿಂದಲೇ ಮನಸ್ಸನ್ನು ಸೆಳೆಯುತ್ತವೆ. ಚರಿತ್ರೆಯ ತಂಡ ಬಂದರೆ ನೇರವಾಗಿ ವರದರಾಜಸ್ವಾಮಿಯ ದೇವಾಲಯಕ್ಕೆ ನಡೆದು, ಲೂಯಿ ರೈಸರು ‘ಎಪಿಗ್ರಾಫಿಯಾ ಕರ್ನಾಟಿಕ’ದ 10ನೆಯ ಸಂಪುಟದಲ್ಲಿ ಮಾಲೂರು ತಾಲ್ಲೂಕಿನ ಭಾಗದಲ್ಲಿ ಪ್ರಕಟಿಸಿರುವ ಶಾಸನಗಳನ್ನು ಹುಡುಕುತ್ತದೆ. ವಿಜ್ಞಾನದ ತಂಡ ಬಂದರೆ ಗುಡ್ಡವನ್ನು ಹತ್ತುತ್ತದೆ. ದೇವಾಲಯದ ಕಂಬವೂ ಗುಡ್ಡದ ಬಂಡೆಯೂ ಒಂದೇ ಜಾತಿಯ ಕಲ್ಲು; ಎರಡರ ನಡುವೆ ಕಲ್ಲುಕುಟಿಗನಿದ್ದಾನೆ. ಅವನನ್ನು ನೋಡಲು ಎರಡು ತಂಡಗಳೂ ಮರೆಯುತ್ತವೆ.

ಈ ಸೀಮೆಯ ಕಲ್ಲುಕೆಲಸದವರು ಬಂಡೆಯಿಂದ ಚಪ್ಪಡಿಯನ್ನು ಎಬ್ಬಿಸುತ್ತಿದ್ದ ಹಳೆಯ ರೀತಿ ವಿಜ್ಞಾನ ವಿದ್ಯಾರ್ಥಿಗಳು ತಿಳಿಯಲೇಬೇಕಾದದ್ದು. ಬಂಡೆಯ ಮೈಮೇಲೆ ಸೌದೆಯನ್ನು ಸಾಲಾಗಿ ಒಟ್ಟಿ ಉರಿ ಹಾಕಿ, ಆ ಉರಿಯ ಸಾಲನ್ನು ಮೆಲ್ಲಮೆಲ್ಲಗೆ ಮುಂದಕ್ಕೆ ಸರಿಸುತ್ತ ಹೋಗುತ್ತಾರೆ. ಕಾದ ಮೇಲ್ಪದರವು ಹಿಗ್ಗಿ, ತಣ್ಣಗಿರುವ ಕೆಳಗಿನ ಕಲ್ಲಿನಿಂದ ಬೇರ್ಪಡುತ್ತದೆ. ಬಿರುಕು ಎಲ್ಲಿಯವರೆಗೆ ಸಾಗಿದೆಯೆಂಬುದನ್ನು ಸುತ್ತಿಗೆಯ ನಾದದಿಂದ ತಿಳಿಯುತ್ತಾರೆ. ಬೆಂಗಳೂರಿನ ಸುತ್ತಮುತ್ತ ನಡೆಯುತ್ತಿದ್ದ ಈ ಕೆಲಸವನ್ನು ನೋಡಿ ಬೆರಗಾದ ಎಚ್. ವಾರ್ತ್ ಎಂಬಾತನು 1895ರಲ್ಲಿ ಲಂಡನ್ನಿನ ‘ನೇಚರ್’ ಪತ್ರಿಕೆಗೆ ಅದರ ವರ್ಣನೆಯನ್ನು ಕಳುಹಿಸಿದನು. ಉಷ್ಣದಿಂದ ಘನವಸ್ತು ಹಿಗ್ಗುವುದನ್ನು ಕಾಲೇಜಿನಲ್ಲಿ ಉಂಗುರ ಮತ್ತು ಗುಂಡಿನಿಂದ ತೋರಿಸುತ್ತೇವೆ. ಒಂದು ಅಂಗಳದಷ್ಟು ಅಗಲದ ಚಪ್ಪಡಿ ಬಂಡೆಯಿಂದ ಬಿಟ್ಟುಕೊಳ್ಳುವುದನ್ನು ಕಂಡವನಿಗೆ ಆ ಗುಂಡು ಆಟಿಕೆಯಾಗಿ ತೋರದಿರದು. ನಾವು ಒಂದು ವಿಜ್ಞಾನ ಸಂಘದ ಮಕ್ಕಳೊಡನೆ ಆ ಕಡೆ ಹೋಗಿದ್ದಾಗ, ಕೆಲಸ ಬಿಟ್ಟು ಮನೆಯಲ್ಲಿದ್ದ ಒಬ್ಬ ವೃದ್ಧರು ದಾರಿಯ ಪಕ್ಕದ ಬಂಡೆಗೆ ಕಲ್ಲಿನಿಂದ ಕುಟ್ಟಿ ತೋರಿಸಿದರು. “ಹೆಂಗೆ ಗೊತ್ತಾಗ್ತದೆ ತಾತ?” ಎಂದು ಒಬ್ಬ ಹುಡುಗಿ ಕೇಳಿದಳು. “ಹಿಡಿದಿರೋ ಕಲ್ಲು ಟಣ್ ಅಂತದೆ, ಬಿಟ್ಟಿರೋದು ಡಬ್ ಅಂತದೆ. ಅಷ್ಟೇ ಕಣಮ್ಮ” ಎಂದರು. ಅಂದು ಮಕ್ಕಳು ಬರೆದುಕೊಂಡ ಟಿಪ್ಪಣಿಗಳಲ್ಲಿ ಎಲ್ಲರ ಪುಸ್ತಕದಲ್ಲಿಯೂ ಒಂದೇ ರೀತಿಯಾಗಿ ಇದ್ದ ವಾಕ್ಯ ಇದೊಂದೇ.

ಟೇಕಲ್ಲಿನ ಆಚೆಗೆ, ಬಂಗಾರಪೇಟೆಯ ಪೂರ್ವಕ್ಕೆ, ಸುಮಾರು 80 ಕಿಲೋಮೀಟರು ಉದ್ದ, 3ರಿಂದ 6 ಕಿಲೋಮೀಟರು ಅಗಲವಾಗಿ ತೆಂಕಬಡಗಾಗಿ ಹಬ್ಬಿರುವ ಕಿರಿದಾದ ಶಿಲಾಪಟ್ಟಿಯೇ ಕೋಲಾರದ ಪದರಶಿಲೆಗಳ ಪಟ್ಟಿ. ಇದರ ವಯಸ್ಸು ಸುಮಾರು 270 ಕೋಟಿ ವರ್ಷಗಳೆಂದು ಭೂವಿಜ್ಞಾನಿಗಳ ಗಣನೆ. ಪೆದ್ದಪಲ್ಲಿಯ ಬಳಿ ಇರುವ ಪ್ರಾಚೀನ ಅಗ್ನಿಪರ್ವತದ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಇಲ್ಲಿ ಚಿನ್ನವಿರುವುದು ಊರಿನವರಿಗೆ ಮೊದಲಿನಿಂದ ಗೊತ್ತಿತ್ತು. 1802ರಲ್ಲಿ ಗಡಿಯ ಮೋಜಣಿಗಾಗಿ ಬಂದ ಲೆಫ್ಟಿನೆಂಟ್ ಜಾನ್ ವಾರೆನ್ನನು ಹಳ್ಳಿಯವರಿಗೆ ಬಹುಮಾನ ಸಾರಿದಾಗ, ಊರಿಗಾಂ ಸುತ್ತಣ ಜನ ಗಾಡಿಗಳಲ್ಲಿ ಮಣ್ಣು ತುಂಬಿ ತಂದು, ಅವನ ಕಣ್ಣೆದುರಿಗೇ ತೊಳೆದು, ಚಿನ್ನದ ಕಣಗಳನ್ನು ತೋರಿಸಿದರು. ಆ ಕಣಗಳನ್ನು ಮೊದಲ ಬಾರಿಗೆ ವರದಿ ಮಾಡಿದವನೆಂಬ ಕೀರ್ತಿ ವಾರೆನ್ನನಿಗೆ ಸಂದಿತು. ಮುಂದೆ 1870ರ ದಶಕದಲ್ಲಿ ಮೈಕೇಲ್ ಲವೆಲ್ ಎಂಬ ನಿವೃತ್ತ ಸೈನಿಕನು ಅಪ್ಪಣೆ ಪಡೆದು ಅಗೆತವನ್ನು ತೊಡಗಿದನು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಬಂದರು. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು 147 ಕಿಲೋಮೀಟರು ದೂರ ತಂತಿಯೆಳೆದು ಗಣಿಗಳಿಗೆ ವಿದ್ಯುಚ್ಛಕ್ತಿ ಒದಗಿಸಲಾಯಿತು. ಬೆಂಗಳೂರು ನಗರಕ್ಕೆ ವಿದ್ಯುದ್ದೀಪ ಬರುವುದಕ್ಕೆ ಮೊದಲೇ ಗಣಿಯ ಯಂತ್ರಗಳಿಗೆ ವಿದ್ಯುತ್ತು ಬಂದಿತ್ತು.

ಇಂಥ ಸ್ಥಳವು ವಿಜ್ಞಾನ ವಿದ್ಯಾರ್ಥಿಗಳಿಗೆ ಸಹಜವಾಗಿಯೇ ಯಾತ್ರಾಸ್ಥಳವಾಯಿತು. ಭೂವಿಜ್ಞಾನಿಗೆ ಶಿಲೆ, ಭೌತಶಾಸ್ತ್ರಜ್ಞನಿಗೆ ಎತ್ತುಗಡೆಯ ಯಂತ್ರ ಮತ್ತು ವಾಯುಸಂಚಾರದ ವ್ಯವಸ್ಥೆ, ರಸಾಯನಶಾಸ್ತ್ರಜ್ಞನಿಗೆ ಸೈನೈಡಿನಿಂದ ಚಿನ್ನವನ್ನು ಕರಗಿಸಿ ತೆಗೆಯುವ ಕ್ರಮ, ಎಲ್ಲವೂ ಒಂದೆಡೆ. ಚಾಂಪಿಯನ್ ರೀಫ್ ಗಣಿಯು ಭೂಮಟ್ಟದಿಂದ 3 ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದು, ಜಗತ್ತಿನ ಅತ್ಯಂತ ಆಳದ ಗಣಿಗಳಲ್ಲಿ ಒಂದೆನಿಸಿತ್ತು.

ಆ ಆಳವನ್ನೇ ಉಪಕರಣವಾಗಿ ಬಳಸಿಕೊಂಡವರು ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು. ಹೋಮಿ ಭಾಭಾರವರ ಸೂಚನೆಯಂತೆ ಬಿ.ವಿ. ಶ್ರೀಕಂಠನ್ನರು 1951ರ ವೇಳೆಗೆ ಇಲ್ಲಿ ವಿಶ್ವಕಿರಣಗಳ ಅಳತೆಯನ್ನು ಆರಂಭಿಸಿದರು. ಆಕಾಶದಿಂದ ಸುರಿಯುವ ಮ್ಯೂಆನ್ ಕಣಗಳನ್ನು ಮೇಲಿನ ಬಂಡೆ ತಡೆಯುತ್ತದೆ. ಕೆಳಗಿಳಿದಷ್ಟೂ ಅವು ವಿರಳವಾಗುತ್ತವೆ. ಯಾವ ಬಂಡೆಯೂ ತಡೆಯಲಾರದ ನ್ಯೂಟ್ರಿನೊ ಕಣವನ್ನು ಹಿಡಿಯಬೇಕಾದರೆ ಇಂಥ ನಿಶ್ಶಬ್ದವಾದ ಆಳವೇ ಬೇಕು. ಸುಮಾರು 2.3 ಕಿಲೋಮೀಟರು ಆಳದಲ್ಲಿ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾನಿಲಯಗಳವರೊಡನೆ ಸೇರಿ ಇಟ್ಟ ಉಪಕರಣಗಳಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಕುರುಹು 1965ರಲ್ಲಿ ದೊರೆಯಿತು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿಯೂ ಅದು ಪತ್ತೆಯಾಯಿತು. ಜಗತ್ತಿನಲ್ಲಿ ಮೊದಲ ಬಾರಿಗೆ ಈ ಕಣಗಳು ಗೋಚರವಾದ ಎರಡು ಸ್ಥಳಗಳಲ್ಲಿ ಒಂದು ಮಾಲೂರಿನಿಂದ ಒಂದೆರಡು ಗಂಟೆಯ ದಾರಿಯಲ್ಲಿದೆಯೆಂಬುದನ್ನು ಅರಿತ ವಿದ್ಯಾರ್ಥಿಗಳು ಎಷ್ಟು ಮಂದಿಯಿದ್ದಾರು? ನಮ್ಮ ತರಗತಿಗಳಲ್ಲಿ ಕೇಳಿ ನೋಡಿದ್ದೇವೆ. ಸಂಖ್ಯೆಯನ್ನು ಇಲ್ಲಿ ಬರೆಯದಿರುವುದೇ ಲೇಸು.

ಗಣಿಯ ಸಂಚಾರದಲ್ಲಿ ಇನ್ನೊಂದು ಮುಖವಿತ್ತು. ಗಣಿಗೆ ಹೋಗಬೇಕಾದರೆ ಒಡೆಯರ ಅಪ್ಪಣೆ ಬೇಕು. ಅಪ್ಪಣೆ ಪಡೆದು ಬಂದ ಅತಿಥಿಯು ತೋರಿಸಿದ್ದನ್ನು ನೋಡಬೇಕು. ಹೀಗಾಗಿ ವಿಜ್ಞಾನ ಸಂಘಗಳ ಕಣ್ಣಿಗೆ ಗಣಿಯು ಯಂತ್ರವಾಗಿ ಕಂಡಿತೇ ಹೊರತು ಊರಾಗಿ ಕಾಣಲಿಲ್ಲ. ತಮಿಳು ತೆಲುಗು ಸೀಮೆಗಳಿಂದ ಬಂದು ಕಂಪೆನಿಯ ಕೊಟ್ಟಿಗೆಸಾಲುಗಳಲ್ಲಿ ನೆಲೆಸಿದ ಕಾರ್ಮಿಕರು, ಬೆರಳಗುರುತಿನ ನೋಂದಣಿಯ ನಿಯಮವನ್ನು ವಿರೋಧಿಸಿ 1930ರಲ್ಲಿ ಅವರು ನಡೆಸಿದ ಮುಷ್ಕರ, 1946ರ ಗೋಲಿಬಾರು, ಇವು ಚರಿತ್ರೆಯ ಅಧ್ಯಾಪಕರ ಪಾಲಿಗೆ ಉಳಿದವು. ಇದನ್ನು ಒಪ್ಪಬಹುದು, ಎಲ್ಲರೂ ಎಲ್ಲವನ್ನೂ ನೋಡಲಾರರು. ಆದರೆ ಕಾರ್ಮಿಕರ ಪುಪ್ಪುಸಗಳು ವಿಜ್ಞಾನದ ವಿಷಯವಲ್ಲವೆ? 1940ರಿಂದ 1946ರವರೆಗೆ ನಡೆದ ವೈದ್ಯಕೀಯ ಪರೀಕ್ಷೆಯಲ್ಲಿ 7,653 ಮಂದಿ ಗಣಿಕಾರ್ಮಿಕರ ಪೈಕಿ ಶೇಕಡ 43.7ರಷ್ಟು ಜನರಲ್ಲಿ ಕಲ್ಲಿನ ಧೂಳಿನಿಂದ ಬರುವ ಸಿಲಿಕೋಸಿಸ್ ರೋಗವು ಕಂಡುಬಂದಿತು. ಭಾರತದಲ್ಲಿ ಈ ರೋಗದ ಚರಿತ್ರೆಯೇ ಇಲ್ಲಿಂದ ಮೊದಲಾಗುತ್ತದೆ. ಬೆಣಚುಕಲ್ಲಿನಲ್ಲಿ ಚಿನ್ನವಿದೆಯೆಂದು ವಿದ್ಯಾರ್ಥಿಗೆ ತೋರಿಸಿದರು. ಆ ಬೆಣಚುಕಲ್ಲಿನ ಧೂಳು ಎಲ್ಲಿಗೆ ಹೋಗುತ್ತದೆಂದು ಅವನು ಕೇಳಲಿಲ್ಲ. ಕೇಳಿದ್ದರೆ ಅದು ಅಂದಿನ ಸಂಚಾರದ ಅತ್ಯುತ್ತಮ ಪ್ರಶ್ನೆಯಾಗುತ್ತಿತ್ತು. ಇಲ್ಲಿ ನಾವು ಹಿಂದಿನವರ ಮೇಲೆ ತೀರ್ಪು ಕೊಡುವ ಆತುರದಲ್ಲಿದ್ದೇವೆಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ನರಸಿಂಹಯ್ಯನವರು ಪ್ರಶ್ನೆಯನ್ನು ವಿದ್ಯಾರ್ಥಿಯ ಕರ್ತವ್ಯವೆಂದಾಗ ಅದಕ್ಕೆ ಎಲ್ಲೆಯನ್ನು ಹಾಕಿರಲಿಲ್ಲ.

ಗಣಿಗಳು 1956ರಲ್ಲಿ ಸಂಸ್ಥಾನದ ಸರ್ಕಾರದ ವಶಕ್ಕೂ 1962ರಲ್ಲಿ ಕೇಂದ್ರದ ವಶಕ್ಕೂ ಬಂದು, 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಕಂಪೆನಿಯಾದವು. ಆಳದ ಪ್ರಯೋಗಗಳು 1990ರ ದಶಕದ ಆರಂಭದಲ್ಲಿ ಮುಗಿದವು. 2001ರ ಫೆಬ್ರವರಿ 28ರಂದು ಗಣಿಗಳೇ ಮುಚ್ಚಿದವು. ನೀರೆತ್ತುವ ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಸುಮಾರು 120 ವರ್ಷಗಳಲ್ಲಿ 800 ಟನ್ನುಗಳಷ್ಟು ಚಿನ್ನ ಕೊಟ್ಟ ನೆಲದ ಮೇಲೆ ಈಗ 3 ಕೋಟಿ ಟನ್ನಿಗೂ ಮಿಕ್ಕ ಗಣಿಯ ಹಿಟ್ಟು ದಿಬ್ಬಗಳಾಗಿ ನಿಂತಿದೆ. ಜನ ಅವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಗಾಳಿಯ ದಿನಗಳಲ್ಲಿ ಬಿಳಿಯ ಧೂಳು ಮನೆಯೊಳಕ್ಕೆ ಬರುತ್ತದೆ.

ಗಣಿ ಮುಚ್ಚಿದ ಮೇಲೆ ವಿಜ್ಞಾನ ಸಂಘಗಳಿಗೆ ಈ ಸೀಮೆಯಲ್ಲಿ ನೋಡತಕ್ಕದ್ದೇನೂ ಉಳಿಯಲಿಲ್ಲವೆಂಬ ಮಾತನ್ನು ಅಧ್ಯಾಪಕರ ಕೊಠಡಿಗಳಲ್ಲಿ ಕೇಳಿದ್ದೇವೆ. ನಮ್ಮ ಅಭಿಪ್ರಾಯ ಇದಕ್ಕೆ ವಿರುದ್ಧವಾದುದು. ಬೆರಗಿನ ಸಂಚಾರ ಮುಗಿದ ಕಡೆಯಲ್ಲಿ ವಿಚಾರಣೆಯ ಸಂಚಾರ ಮೊದಲಾಗಬಹುದು. ವರ್ಷವಿಡೀ ಹರಿಯುವ ನದಿಯಿಲ್ಲದ ಈ ಜಿಲ್ಲೆಯನ್ನು ಕೆರೆಗಳು ಸಾಕಿದವು. ಕೆರೆ ಬತ್ತಿದ ಮೇಲೆ ಬಾವಿ, ಬಾವಿ ಬತ್ತಿದ ಮೇಲೆ ಕೊಳವೆಬಾವಿ. ಕಣಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರಿನಲ್ಲಿ ಫ್ಲೋರೈಡು ಕರಗಿರುತ್ತದೆ. ಲೀಟರಿಗೆ 1 ಮಿಲಿಗ್ರಾಮು ಒಪ್ಪತಕ್ಕದ್ದೆಂದೂ, ಬೇರೆ ನೀರು ಇಲ್ಲದಲ್ಲಿ 1.5ರವರೆಗೆ ಸಹಿಸಬಹುದೆಂದೂ ಭಾರತೀಯ ಮಾನಕವು ಹೇಳುತ್ತದೆ. ಬಣ್ಣದ ಬದಲಾವಣೆಯಿಂದ ಇದನ್ನು ಅಳೆಯುವ ಸಣ್ಣ ಪೆಟ್ಟಿಗೆಯನ್ನು ಯಾವ ಕಾಲೇಜಿನ ಸಂಘವಾದರೂ ಕೊಳ್ಳಬಹುದು. ಬೆಂಗಳೂರಿನ ಕೊಳಚೆನೀರನ್ನು ಸಂಸ್ಕರಿಸಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆಯ ನೀರು 2018ರಲ್ಲಿ ಲಕ್ಷ್ಮೀಸಾಗರದ ಕೆರೆಗೆ ಬಂದ ಮೇಲಂತೂ, ತುಂಬಿದ ಕೆರೆಯ ಸಂತೋಷವೂ ಆ ನೀರಿನ ಗುಣದ ಶಂಕೆಯೂ ಪ್ರತಿ ಹಳ್ಳಿಯ ಕಟ್ಟೆಯ ಮೇಲೆ ಚರ್ಚೆಯ ವಿಷಯ. ಇದಕ್ಕಿಂತ ಒಳ್ಳೆಯ ಸಂಚಾರದ ವಿಷಯ ಬೇರೆ ಬೇಕೆ? ಇಲ್ಲಿ ಯಾವ ಕಂಪೆನಿಯ ಅಪ್ಪಣೆಯೂ ಬೇಡ. ಹಳ್ಳಿಯಿಂದ ಬರುವ ವಿದ್ಯಾರ್ಥಿಯೇ ಇಲ್ಲಿ ಮಾರ್ಗದರ್ಶಿ.

ಮೇಲೆ ಹೇಳಿದ ಟೇಕಲ್ಲಿನ ಸಂಚಾರದ ದಿನವೇ ಮಧ್ಯಾಹ್ನ ನಾವು ಮಾರಿಕುಪ್ಪಕ್ಕೆ ಹೋಗಿ, ಮುಚ್ಚಿದ ಗಣಿಗಳ ಉಕ್ಕಿನ ಗೋಪುರಗಳನ್ನು ಬೇಲಿಯ ಹೊರಗಿನಿಂದ ನೋಡಿ, ಚಿತ್ರಾನ್ನದ ಪೊಟ್ಟಣಗಳನ್ನು ಬಿಚ್ಚಿ ಉಂಡು, ಸಂಜೆಯ ರೈಲು ಹತ್ತಿದೆವು. ನಲವತ್ತು ಮಂದಿಯಲ್ಲಿ ಇಪ್ಪತ್ತಾರು ಮಂದಿ ಹುಡುಗಿಯರು. ಹೆಂಗಸರನ್ನು ನೆಲದಡಿಯ ಕೆಲಸಕ್ಕೆ ಇಟ್ಟುಕೊಳ್ಳಬಾರದೆಂದು 1952ರ ಗಣಿ ಕಾಯಿದೆ ವಿಧಿಸಿದ್ದ ನಿಷೇಧವು ಸಡಿಲವಾದದ್ದು 2019ರಲ್ಲಿ, ಎಂದರೆ ಈ ಗಣಿಗಳು ಮುಚ್ಚಿ 18 ವರ್ಷಗಳಾದ ಮೇಲೆ ಎಂದು ನಾವು ಹೇಳಿದಾಗ ಒಂದಿಷ್ಟು ನಗು ಎದ್ದಿತು. ಬಂಗಾರಪೇಟೆ ದಾಟಿದ ಮೇಲೆ, ಲಕ್ಕೂರಿನ ಕಡೆಯ ಒಬ್ಬ ವಿದ್ಯಾರ್ಥಿನಿ ಭೂವಿಜ್ಞಾನದ ಅಧ್ಯಾಪಕರ ಬಳಿಗೆ ಬಂದು ಕೇಳಿದಳು: “ಸರ್, ನಮ್ಮ ತೋಟದಲ್ಲಿ ಸಾವಿರದ ಇನ್ನೂರು ಅಡಿ ಕೊರೆಸಿದ್ರು, ಬರೀ ಧೂಳು ಬಂತು. ಗಣಿ ತುಂಬ ನೀರಿದೆ ಅಂತೀರ. ಅದೂ ಕಲ್ಲೇ, ಇದೂ ಕಲ್ಲೇ ಅಲ್ವಾ?”

ಗಾಡಿಯ ಆ ಭಾಗದಲ್ಲಿ ಹಾಡು ನಿಂತಿತು. ಅಧ್ಯಾಪಕರು ಟಿಪ್ಪಣಿ ಪುಸ್ತಕವನ್ನು ತೆಗೆದುಕೊಂಡು ಎರಡು ಚಿತ್ರಗಳನ್ನು ಬರೆದರು. ಒಂದರಲ್ಲಿ ಬಂಡೆ, ಅದರಲ್ಲಿ ಕೂದಲೆಳೆಯಂಥ ಬಿರುಕುಗಳು, ಅವುಗಳ ನಡುವೆ ಯಾವುದನ್ನೂ ಮುಟ್ಟದೆ ಇಳಿದ ಆರು ಅಂಗುಲದ ಒಂದು ಕೊಳವೆ. ಇನ್ನೊಂದರಲ್ಲಿ ಅದೇ ಬಂಡೆ, ಅದೇ ಬಿರುಕುಗಳು. ಆದರೆ ಅವನ್ನೆಲ್ಲ ಕಡಿದುಕೊಂಡು ಹೋಗುವ, ಒಟ್ಟಾರೆ ಸಾವಿರ ಕಿಲೋಮೀಟರಿಗೂ ಮಿಕ್ಕ ಉದ್ದದ ಸುರಂಗಗಳು. ಒಂದೊಂದು ಬಿರುಕಿನಿಂದ ತೊಟ್ಟು ತೊಟ್ಟಾಗಿ ಒಸರಿದರೂ ಇಪ್ಪತ್ತು ವರ್ಷಗಳಲ್ಲಿ ಎಷ್ಟಾಗಬಹುದೆಂದು ಲೆಕ್ಕ ಹಾಕುವಂತೆ ಹೇಳಿದರು. ಅವಳು ಲೆಕ್ಕಕ್ಕೆ ಕುಳಿತಳು. ಹಾಗಾದರೆ ಆ ನೀರನ್ನು ಮೇಲಕ್ಕೆತ್ತಿ ಕುಡಿಯಬಹುದೇ ಎಂದು ಪಕ್ಕದಲ್ಲಿದ್ದವಳು ಕೇಳಿದಳು. ಗಣಿಯೊಳಗಿನ ನೀರಿನಲ್ಲಿ ಏನೇನು ಕರಗಿದೆಯೆಂದು ಪರೀಕ್ಷಿಸದೆ ಹೇಳಲಾಗದೆಂದು ಅಧ್ಯಾಪಕರು ಉತ್ತರ ಕೊಡುತ್ತಿರುವಾಗ ರೈಲು ಮಾಲೂರಿಗೆ ಬಂದು ನಿಂತಿತು. ಇಳಿಯುವ ಗಡಿಬಿಡಿಯಲ್ಲಿ ಪುಸ್ತಕವು ಅವರ ಕೈಯಲ್ಲೇ ಉಳಿಯಿತು. ಮರುದಿನ ಸಂಘದ ನಡವಳಿಯಲ್ಲಿ ಆ ಎರಡು ಚಿತ್ರಗಳನ್ನೂ ಮೂರು ಪ್ರಶ್ನೆಗಳನ್ನೂ, ಪ್ರಶ್ನೆ ಕೇಳಿದವರ ಹೆಸರುಗಳೊಡನೆ, ಬಸ್ಸು ರೈಲುಗಳ ಖರ್ಚಿನ ಕೆಳಗೆ ಬರೆಸಿದ್ದೇವೆ.